ತಮ್ಮನ ಲೇಖನಕ್ಕೆ ತೋಡಾರಿನ ಬೇಡಿಕೆ

ತಮ್ಮ ಸಂಜೀವನ ಕೆಲಸಕ್ಕೆ ಕುತ್ತು ಬಂದದ್ದು ನನ್ನಿಂದ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳು. ಕುತ್ತು ಬಂದದ್ದು ಅವನ ಮರ್ಯಾದೆಯಿಂದ. ಬಂದ ಕಾರ್ಡಿಗೆಲ್ಲ ಉತ್ತರ ಕೊಡಬೇಕೆಂದು ಅವನಿಗೆ ಯಾರು ಹೇಳಿದ್ದು?

ಅರುವತ್ತನೇ ಇಸವಿಯ ಆಚೀಚೆಯ ಮಾತು. ಮೂಡಬಿದ್ರೆಯ ಹತ್ತಿರ ತೋಡಾರಿನಲ್ಲಿ, ಬಸ್ಸು ನಿಲ್ಲುವಲ್ಲಿ ನಮ್ಮದೊಂದು ಹೋಟೆಲು. ದುಡ್ಡು ತೆಗೆದುಕೊಳ್ಳುವ ಗಲ್ಲದಲ್ಲಿ ನನ್ನ ಗಂಡ, ಒಲೆಯ ಹತ್ತಿರ ನಾನು. ಸಂಜೀವ ಬೊಂಬಾಯಿಯ ಒಂದು ಪ್ರಯೋಗಶಾಲೆಯಲ್ಲಿದ್ದ. ನೀರುಳ್ಳಿಯ ಬೇರಿನೊಳಗೆ ಒಂದು ಜೀವಕೋಶ ಹೇಗೆ ಎರಡಾಗುತ್ತದೆ ಎಂದು ಇಣುಕಿ ನೋಡುವುದು ಅವನ ಉದ್ಯೋಗ. ಅದಕ್ಕೆ ಸಂಬಳವೂ ಇತ್ತು!

ರಜೆಯಲ್ಲಿ ಬಂದವನ ಮುಖ ಬಾಡಿತ್ತು. ಏನೆಂದು ಕೇಳಿದೆ. ಅವನ ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾಗಿತ್ತಂತೆ. ಓದಬೇಕೆನ್ನುವವರು ಕಾರ್ಡು ಹಾಕಿ ಪ್ರತಿ ಕೇಳುತ್ತಾರಂತೆ; ಓದಿದವರು ತಮ್ಮ ಲೇಖನದಲ್ಲಿ ಇವನ ಹೆಸರು ಹೇಳುತ್ತಾರಂತೆ. ಎಷ್ಟು ಜನ ಕೇಳಿದರು, ಎಷ್ಟು ಜನ ಹೆಸರು ಹೇಳಿದರು ಎಂದು ನೋಡಿಯೇ ದೊಡ್ಡ ಪ್ರೊಫೆಸರು ಕೆಲಸ ಕಾಯಂ ಮಾಡುವುದಂತೆ. ಹೆಸರು ಹೇಳಿದವರು ಯಾರೂ ಇಲ್ಲ. ಕಾರ್ಡು ಬಂದದ್ದು ಜಪಾನಿನಿಂದ ಒಂದು.

"ಒಂದಾ? ನಮ್ಮ ಗೋಳಿಬಜೆಯನ್ನು ಕೇಳಿಕೊಂಡು ಅದಕ್ಕಿಂತ ಜಾಸ್ತಿ ಜನ ಬರ್ತಾರೆ ಮಾರಾಯ," ಎಂದೆ.



ನಮ್ಮಲ್ಲಿ ಯಾರ ಮನೆಯ ಮದುವೆಗಾದರೂ ಜನ ಕಡಿಮೆಯಾಗುವುದುಂಟೆ? ನೆರೆಕರೆಯವರು ಬಂದು ಚಪ್ಪರ ತುಂಬಿಸುತ್ತಾರೆ. ಮದುಮಗನ ಗುರುತು ಇರಬೇಕೆಂದೇನೂ ಇಲ್ಲ. ಅದೇ ಕ್ರಮದಲ್ಲಿ ವಿಜ್ಞಾನಕ್ಕೂ ಜನ ಸೇರಿಸುವುದೆಂದು ತೀರ್ಮಾನಿಸಿದೆ. ಸಂಜೀವ ಬೊಂಬಾಯಿಗೆ ಹೊರಟದ್ದೇ ತಡ, ಕಾರ್ಡಿನ ಕಟ್ಟು ಗಲ್ಲದ ಮೇಲೆ ಬಂತು. ಬಸ್ಸು ಕಾಯುವವರು ಸಂಜೀವನ ಲೇಖನ ಬೇಕೆಂದು ಒಂದು ಬರೆದೇ ಏಳಬೇಕು. ಬೆಳ್ತಂಗಡಿಯ ದಲ್ಲಾಳಿಯೊಬ್ಬರು ಲೇಖನದ ಜೊತೆಗೆ ಬೊಂಬಾಯಿಯ ನೀರುಳ್ಳಿ ಧಾರಣೆಯನ್ನೂ ಕೇಳಿದರು. ಮೂಡಬಿದ್ರೆಯ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಸ್ವಲ್ಪ ಯೋಚಿಸಿ, 'ನಮ್ಮಲ್ಲಿ ನೀರುಳ್ಳಿ ತಿನ್ನುವ ಕ್ರಮವಿಲ್ಲ, ಓದಲು ಅಡ್ಡಿಯಿಲ್ಲ' ಎಂದು ಬರೆದು ಸಹಿ ಹಾಕಿದರು. ಅಡ್ರೆಸ್ಸು ಬರೆದು ಪೋಸ್ಟಿಗೆ ಹಾಕುವುದು ನನ್ನ ಗಂಡನ ಪಾಲು.

ಮಳೆಗಾಲ ಮುಗಿಯುವಾಗ ಎಲ್ಲರ ಮನೆಗೂ ಬೊಂಬಾಯಿಯ ಲಕೋಟೆ ಬಂತು. ನನ್ನ ಎದೆ ಉಬ್ಬಿತು. ಅದರ ಬೆನ್ನಿಗೇ ಸಂಜೀವನೂ ಬಂದಿಳಿದ.

"ಅಕ್ಕ, ತೋಡಾರು ಯಾವ ದೇಶ ಅಂತ ಪ್ರೊಫೆಸರು ಕೇಳಿದ್ರು."

"ನೀನು ಎಂಥ ಹೇಳಿದೆ?"

"ಹೇಳಲಿಕ್ಕೆ ಎಂಥ ಉಂಟು? ಎಲ್ಲದರಲ್ಲೂ ಒಂದೇ ಪೋಸ್ಟಾಫೀಸಿನ ಮುದ್ರೆ, ಭಾವನ ಅಕ್ಷರ."

ಪತ್ರಿಕೆಯವರು ಅವನಿಗೆ ಕೊಟ್ಟ ಪ್ರತಿಗಳು ಸ್ವಲ್ಪವೇ. ಊರಿನವರು ಕೇಳುವಾಗ ಇಲ್ಲ ಅನ್ನುವುದು ಹೇಗೆಂದು, ಒಂದೊಂದರ ಮೇಲೂ 'ಶ್ರೀಯುತರಿಗೆ ಗೌರವಪೂರ್ವಕ' ಎಂದು ಹೆಸರು ಬರೆದು ಎಲ್ಲವನ್ನೂ ಹಂಚಿಬಿಟ್ಟಿದ್ದ. ಆಮೇಲೆ ಬಂತು ಜರ್ಮನಿಯ ಕಾರ್ಡು. ನೀರುಳ್ಳಿ ಬೇರಿನ ವಿಷಯದಲ್ಲಿ ಆ ಮನುಷ್ಯನ ಮಾತೇ ಕೊನೆಯಂತೆ. ಅವನಿಗೆ ಪ್ರತಿ ಹೋಗದಿದ್ದರೆ ಕಾಯಂ ಮಾತು ಎತ್ತಬೇಡ ಎಂದು ಪ್ರೊಫೆಸರು ಹೇಳಿದ್ದರು.

ಒಂದು ಪ್ರತಿ ವಾಪಸು ಪಡೆಯಲು ತಮ್ಮನನ್ನು ಕರೆದುಕೊಂಡು ದಿನವಿಡೀ ಮನೆಮನೆ ಹತ್ತಿದೆ. ಯಾರೂ ಕೊಡಲಿಲ್ಲ! ದಲ್ಲಾಳಿ ಅದನ್ನು ಪೆಟ್ಟಿಗೆಯಲ್ಲಿ ಹೆಂಡತಿಯ ಧಾರೆಸೀರೆಯ ನಡುವೆ ಇಟ್ಟಿದ್ದರು. ಇಂದ್ರರು ಕೈಮುಗಿದು, "ಅವರು ಗೌರವಪೂರ್ವಕ ಅಂತ ಬರೆದು ಕಳಿಸಿದ್ದು. ವಾಪಸು ಕೊಟ್ಟರೆ ಅವರಿಗೆ ಬೇಸರ ಆಗ್ತದೆ," ಎಂದರು. ಬೇಸರ ಆಗಬೇಕಾದವನು ನನ್ನ ಪಕ್ಕದಲ್ಲೇ ನಿಂತಿದ್ದ.

ಕೊನೆಗೆ ಉಳಿದದ್ದು ಗಲ್ಲದ ಮೇಲೆ ಗಾಜಿನ ಚೌಕಟ್ಟಿನಲ್ಲಿ ನೇತಾಡುತ್ತಿದ್ದ ಪ್ರತಿ. ನನ್ನ ಗಂಡನದು.

"ನನ್ನ ಹೆಸರಿಗೆ ಇಷ್ಟರವರೆಗೆ ಬಂದದ್ದು ಜಾಗದ ತೀರ್ವೆ ಬಾಕಿಯ ನೋಟೀಸು ಮಾತ್ರ. ಇದನ್ನು ಮುಟ್ಟಬೇಡ," ಎಂದರು.

ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಚೌಕಟ್ಟು ಇಳಿಸಿದೆ. ಗಾಜು ಒಡೆಯಿತು. ಪ್ರತಿಯನ್ನು ಸಂಜೀವನ ಕೈಗೆ ಕೊಟ್ಟು ಮೊದಲ ಬಸ್ಸು ಹತ್ತಿಸಿದೆ. ಅದು ಒಲೆಯ ಹೊಗೆಯ ವಾಸನೆಯೊಂದಿಗೇ ಜರ್ಮನಿಗೆ ಹೋಗಿ, ಅಲ್ಲಿಯವನು ತನ್ನ ಲೇಖನದಲ್ಲಿ ಸಂಜೀವನ ಹೆಸರು ಹೇಳಿ, ಕೆಲಸ ಕಾಯಂ ಆದದ್ದು ಆಮೇಲಿನ ಮಾತು. ಆ ಬೆಳಿಗ್ಗೆ ನನ್ನ ಗಂಡ ಬಂದು ಖಾಲಿ ಚೌಕಟ್ಟು ನೋಡಿದರು. ಬಯ್ಯಲಿಲ್ಲ. ಗಲ್ಲದಿಂದ ಒಂದು ಕಾರ್ಡು ತೆಗೆದು, 'ಮಾನ್ಯರೇ, ತಮ್ಮ ಲೇಖನದ ಒಂದು ಪ್ರತಿ' ಎಂದು ಶುರುಮಾಡಿದರು. ನಾನು ಮಸಿಕುಡಿಕೆಯನ್ನು ಕಿತ್ತುಕೊಂಡು ಬಕೆಟಿಗೆ ಸುರಿದೆ.

ಲೋಟ ತೊಳೆಯುವ ಬಕೆಟು. ಆ ದಿನವಿಡೀ ಹೋಟೆಲಿನಲ್ಲಿ ನೀಲಿ ಲೋಟದ ಚಹಾ!