ನಾನೇ ಎಳೆದ ಇಗರ್ಜಿಯ ಗಡಿ

ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ನನ್ನ ಅಕ್ಕನಲ್ಲಿ ಕೇಳಲಿಲ್ಲ. "ನೀನು ಹಳೆ ಇಗರ್ಜಿಯಲ್ಲೇ ಇರುತ್ತೀಯಾ, ಹೊಸತಕ್ಕೆ ಹೋಗುತ್ತೀಯಾ?" ಇಷ್ಟೇ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಕಷ್ಟವಾಗದ ಪ್ರಶ್ನೆ. ಕೇಳದೆ ಹೋದ ಕಾರಣ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದೇನೆ.

ಮಣಿಪಾಲದ ಮಗ್ಗುಲಿನ ನಮ್ಮ ಊರಿಗೆ ಮೊದಲು ಇದ್ದದ್ದು ಒಂದೇ ಇಗರ್ಜಿ. ಆರಂಭದಲ್ಲಿ ಮುಳಿಹುಲ್ಲಿನ ಮಾಡು, ಆಮೇಲೆ ಮುರಕಲ್ಲಿನ ಗೋಡೆ, ಹಂಚು. ಕಲ್ಲನ್ನು ಊರವರೇ ತಲೆಯ ಮೇಲೆ ಹೊತ್ತು ತಂದರಂತೆ. ನನ್ನಜ್ಜ ಹೊತ್ತ ಕಲ್ಲುಗಳು ಪ್ರತಿ ಹಬ್ಬದ ಊಟಕ್ಕೂ ಹೆಚ್ಚುತ್ತಾ ಬಂದು, ಈಗ ಉಳಿದವರೆಲ್ಲ ನೆರಳಲ್ಲಿ ಕೂತು ಅವನನ್ನು ನೋಡುತ್ತಿದ್ದರು ಎನ್ನುವಲ್ಲಿಗೆ ಬಂದಿದೆ. ಇವತ್ತು ಆ ಇಗರ್ಜಿಯ ಗಂಟೆಗೋಪುರದಲ್ಲಿ ಪಾರಿವಾಳ, ಪ್ರವಚನದ ಪೀಠದಲ್ಲಿ ಗೆದ್ದಲು. ಫಾದರ್ ಅದಕ್ಕೆ ಕೈಯೂರದೆ ಮಾತಾಡುತ್ತಾರೆ. ಫ್ಲಾಟುಗಳೆದ್ದು ಜನ ಹೆಚ್ಚಾದಾಗ ರಸ್ತೆಯಾಚೆ ಹೊಸ ಇಗರ್ಜಿ ಬಂತು. ಗ್ರಾನೈಟ್ ನೆಲ, ಪಾರ್ಕಿಂಗ್, ಸದ್ದಿಲ್ಲದ ಫ್ಯಾನು, ಎಲ್ಲವೂ ಉಂಟು. ಸಮಾಧಿಗೆ ಮಾತ್ರ ಜಾಗವಿಲ್ಲ. ಬಾಲ್ಕನಿಯಿಂದ ಶಿಲುಬೆಗಳನ್ನು ನೋಡಿಕೊಂಡು ಕಾಫಿ ಕುಡಿಯಲು ಫ್ಲಾಟಿನವರು ಒಪ್ಪಲಿಲ್ಲ. ಅಲ್ಲಿಗೆ ಸೇರಿದವರು ಸತ್ತರೆ ಊರಾಚೆಯ ಗುಡ್ಡಕ್ಕೆ ಒಯ್ಯಬೇಕು.

ಇಗರ್ಜಿ ಎರಡಾಗುವಾಗ ನಮ್ಮ ವಾಳೆಗೆ, ಅಂದರೆ ಮೂವತ್ತು ಮನೆಗಳ ಗುಂಪಿಗೆ, ನಾನು ಗುರ್ಕಾರ, ಮುಂದಾಳು. ರಸ್ತೆ ಬದಿಯವರು ಎರಡರಲ್ಲಿ ಒಂದನ್ನು ಆರಿಸಬಹುದಿತ್ತು. ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಗುರ್ಕಾರನ ಕೆಲಸ. ಉಳಿದವರನ್ನೆಲ್ಲ ಕೇಳಿದೆ. ಅಕ್ಕ ಸೆರಫಿನಳ ಹೆಸರಿನ ಮುಂದೆ ಮಾತ್ರ ನಾನೇ 'ಹೊಸತು' ಎಂದು ಬರೆದೆ. ಯಾಕೆಂದರೆ ಅಕ್ಕ ಹಳೆ ಇಗರ್ಜಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ರಿಕ್ಷಾ ನಿಲ್ಲಿಸಿ ತಡವಾಗಿ ಒಳಗೆ ಬಂದರೆ, ಪೂಜೆಯ ನಡುವೆಯೇ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು. ಅವಳು ನೋಡಿದರೆ ಹಿಂದಿನ ಹನ್ನೆರಡು ಬೆಂಚುಗಳೂ ನೋಡುತ್ತಿದ್ದವು. ಇನ್ನಾದರೂ ನೆಮ್ಮದಿಯಿಂದ ತಡವಾಗೋಣ ಎಂದುಕೊಂಡೆ.

ಪಟ್ಟಿಯನ್ನು ಓದಿ ಹೇಳಿದ್ದು ಆಗಿನ ಪಾದ್ರಿ, ಅಕ್ಕ ಅದನ್ನು ಅವರ ತೀರ್ಮಾನವೆಂದುಕೊಂಡೇ ರಸ್ತೆ ದಾಟಿದಳು. ನೆಮ್ಮದಿ ಸಿಕ್ಕಿತು. ಆದರೆ ತೀರಿಹೋದ ಭಾವ ಮಲಗಿರುವುದು ಹಳೆ ಇಗರ್ಜಿಯ ಹಿಂದೆ, ಪಕ್ಕದಲ್ಲಿ ಅಕ್ಕನಿಗೆಂದು ಜಾಗ ಬಿಟ್ಟಿದೆ. ಅಲ್ಲಿ ಇಕ್ಕಟ್ಟಾದ್ದರಿಂದ ಆ ಇಗರ್ಜಿಗೆ ಸೇರಿದವರಿಗೆ ಮಾತ್ರ ಮಣ್ಣು. ಇದು ಆಗ ನನಗೆ ಹೊಳೆಯಲೇ ಇಲ್ಲ. ಅಕ್ಕನಿಗೆ ಹೊಳೆದದ್ದು ಕಳೆದ ತಿಂಗಳು, ಹೃದಯದ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದ ಮೇಲೆ.

"ಆಗಿನ ಪಾದ್ರಿ ನನ್ನನ್ನು ಹೊರಗೆ ಹಾಕಿದ್ದು ಮಾರಾಯ," ಎಂದಳು. "ಅವರಿಗೆ ನಾನು ಎಂತ ಮಾಡಿದ್ದೆ? ಶನಿವಾರ ಶನಿವಾರ ಅಲ್ತಾರಿನ ಪೀಠಕ್ಕೆ ಹೂ ಇಟ್ಟದ್ದಾ ತಪ್ಪು?"

"ಕೆಲವು ಪಾದ್ರಿಗಳು ಹಾಗೆಯೇ," ಎಂದೆ ನಾನು. ಹೌದು, ಹಾಗೆಂದೆ.

ಮರುದಿನವೇ ಈಗಿನ ಫಾದರ್ ಹತ್ತಿರ ಓಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. "ಪುನಃ ಸೇರಿಸುವ. ಹೇಗೆ ತಪ್ಪಿತು ಅಂತ ಬರೆದು ಅಕ್ಕನ ಸಹಿ ತನ್ನಿ."

"ಪಾಪನಿವೇದನೆಯಲ್ಲಿ ಮೂರು ಸಲ ಹೇಳಿಯಾಗಿದೆ ಫಾದರ್."

"ದೇವರಿಗೆ ಗೊತ್ತಾಯ್ತು, ಸರಿ. ಅಕ್ಕನಿಗೆ?"

ಬರೆಯಲು ಕೂತೆ. ಮೊದಲು 'ಕಣ್ತಪ್ಪಿನಿಂದ' ಎಂದು ಬರೆದೆ, ಹರಿದೆ. 'ಕಚೇರಿಯ ತಪ್ಪಿನಿಂದ' ಎಂದೆ, ಅದನ್ನೂ ಹರಿದೆ. ಮೂರನೆಯದರಲ್ಲಿ ನಿಜ ಬರೆದೆ. ನಿಜಕ್ಕೆ ನಾಲ್ಕೇ ಸಾಲು ಸಾಕಾದದ್ದು ನೋಡಿ ನನಗೇ ಆಶ್ಚರ್ಯ. ಅಕ್ಕ ಓದಿಕೊಳ್ಳಲಿ, ನಾನು ಅಂಗಳದಲ್ಲಿ ರಿಕ್ಷಾ ಒರೆಸುತ್ತಿರುತ್ತೇನೆ ಎಂದು ಉಪಾಯ ಮಾಡಿಕೊಂಡೇ ಹೋದೆ.

ಅಕ್ಕ ಓದಲೇ ಇಲ್ಲ. ಪೆನ್ನು ಹುಡುಕಿದಳು. "ನೀನು ಬರೆದದ್ದಲ್ವಾ? ಸರಿಯೇ ಇರ್ತದೆ. ಎಲ್ಲಿ ಸಹಿ ಹಾಕ್ಬೇಕು, ಹೇಳು."

ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಜಾಗ ಅವಳಿಗೆ, ಮರ್ಯಾದೆ ನನಗೆ. ಇಡೀ ವಾಳೆಯನ್ನು ಎದೆಯುಬ್ಬಿಸಿ ಸುತ್ತಿದ ಗುರ್ಕಾರ ಅಕ್ಕನ ಅಡುಗೆಮನೆಯಲ್ಲಿ ಒಂದು ನಿಮಿಷ ಬೆವರಿದ. ಆಮೇಲೆ ಕಾಗದದ ಮೇಲೆ ಕೈಯಿಟ್ಟೆ.

"ಸಹಿ ಹಾಕಬೇಡ, ಮೊದಲು ಕೇಳು. ಪಾದ್ರಿ ಅಲ್ಲ, ನಾನು. ನನಗೆ ಆರಾಮ ಆಗಲಿ ಅಂತ ನಿನ್ನನ್ನು ಕೇಳದೆ ಬರೆದದ್ದು. ಭಾವನ ಹತ್ತಿರದಿಂದ ನಿನ್ನನ್ನು ಎಬ್ಬಿಸಿ ಕಳಿಸಿದವ ನಾನೇ. ತಪ್ಪಾಯ್ತು, ಅಕ್ಕಾ."