ಮನಾಲಿಯ ಹಿಮದಲ್ಲಿ ಬೀಗರ ತುಪ್ಪ

ನಮ್ಮ ಕಡೆಯ ಮಂದಿಯನ್ನು ಹಿಮದ ಊರಿಗೆ ಕರೆದುಕೊಂಡು ಹೋಗುವ ಕೆಲಸ ಹಿಡಿದ ಮೇಲೆ ನಗಲಿಕ್ಕೆ ನನಗೆ ಬೇರೇನೂ ಬೇಕಾಗಿಲ್ಲ. ಅವರು ಇದ್ದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಪ್ರತಿ ಚಳಿಗಾಲ ಬೈಲಹೊಂಗಲದಿಂದ ಒಂದು ತಂಡ ಕಟ್ಟಿಕೊಂಡು, ಅಡುಗೆಯವನನ್ನೂ ಜೋಳದ ಹಿಟ್ಟನ್ನೂ ಜೊತೆಗೆ ಹಾಕಿಕೊಂಡು ಮನಾಲಿಗೆ ಹೋಗುತ್ತೇನೆ. ಅಲ್ಲಿಗೆ ಬೇರೆಯವರು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲಿಕ್ಕೆ ಬರುತ್ತಾರೆ. ನಮ್ಮವರು ಹಿಮ ನೋಡುತ್ತ ರೊಟ್ಟಿ ತಿನ್ನಲಿಕ್ಕೆ ಬರುತ್ತಾರೆ.

ಹೋದ ಸಲದ ತಂಡದಲ್ಲಿ ಒಂದು ಜಗಳ ಎಲ್ಲರಿಗಿಂತ ಮೊದಲೇ ಸೀಟು ಹಿಡಿದಿತ್ತು. ಕಿತ್ತೂರಿನ ಯಜಮಾನರೊಬ್ಬರು ಮಗಳನ್ನು ರಾಮದುರ್ಗದ ಮನೆಗೆ ಕೊಟ್ಟಿದ್ದರು. ಮದುವೆ ಊಟದಲ್ಲಿ ತುಪ್ಪ ಬಡಿಸುವವನ ತಂಬಿಗೆ ಸರಿಯಾಗಿ ಗಂಡಿನ ತಂದೆಯ ಎಲೆಯ ಮುಂದೆ ಖಾಲಿಯಾಯಿತು. ತರುತ್ತೇನೆಂದು ಒಳಗೆ ಹೋದವನು, ಹೊರಗೆ ಬಂದು ಅವರ ಪಕ್ಕದ ಎಲೆಯಿಂದ ಶುರು ಮಾಡಿದ. ಒಣ ಹೋಳಿಗೆ ಎದುರಿಗಿಟ್ಟುಕೊಂಡು ಕಾದ ರಾಮದುರ್ಗದ ಬೀಗರು ಕೊನೆಗೆ ಎದ್ದು ಕೈ ತೊಳೆದರು. ಅಂದಿನಿಂದ ಬೀಗರಿಬ್ಬರಿಗೂ ಮಾತು ಬಂದ್.

ನಾವು ಹೊರಡುವ ಹೊತ್ತಿಗೆ ಆ ಹುಡುಗಿ ಬಸುರಿ. ಮುಂದಿನ ತಿಂಗಳು ಕುಬಸದ ಕಾರ್ಯ, ಅಂದರೆ ಸೀಮಂತ. ತವರಿನವರು ಬುತ್ತಿ ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕು. ಆಕೆ ನನಗೆ ಫೋನ್ ಮಾಡಿ, "ಕಾಕಾ, ಇಬ್ರೂ ಹಿಂಗ ಮಾರಿ ತಿರುವ್ಕೊಂಡು ಕುಂತ್ರ ನಾ ಕುಬಸಾನ ಮಾಡಿಸ್ಕೊಳ್ಳಂಗಿಲ್ಲ. ನೀವ ಏನರೆ ಮಾಡ್ರಿ," ಎಂದು ಅತ್ತಳು. ಅಪ್ಪನಿಗೆ ತಿಳಿಯದಂತೆ ಮಾವನಿಗೆ, ಮಾವನಿಗೆ ತಿಳಿಯದಂತೆ ಅಪ್ಪನಿಗೆ ಹೇಳಿ ಇಬ್ಬರನ್ನೂ ನನ್ನ ತಂಡಕ್ಕೆ ಸೇರಿಸಿದವಳೂ ಆಕೆಯೇ. ರೈಲು ಬೆಳಗಾವಿ ಬಿಟ್ಟ ಮೇಲೆ ಒಬ್ಬರಿಗೊಬ್ಬರು ಕಣ್ಣಿಗೆ ಬಿದ್ದರು. ಓಡುವ ರೈಲಿನಿಂದ ಜಿಗಿಯುವ ವಯಸ್ಸಲ್ಲ. ಒಬ್ಬರು ಈ ಕಿಟಕಿ, ಇನ್ನೊಬ್ಬರು ಆ ಕಿಟಕಿ ನೋಡುತ್ತ ಅರ್ಧ ದೇಶ ದಾಟಿದರು.

ಬಾಡಿಗೆ ಕೋಟು

ಬೆಟ್ಟ ಹತ್ತುವ ಮೊದಲು ಎಲ್ಲರಿಗೂ ಒಂದೇ ನಮೂನೆಯ ಬಾಡಿಗೆ ಕೋಟು, ರಬ್ಬರ್ ಬೂಟು ಕೊಡುತ್ತಾರೆ. ಅದರ ಮೇಲೆ ನಮ್ಮವರು ಊರಿಂದ ತಂದ ಮಂಕಿ ಕ್ಯಾಪು, ಕಪ್ಪು ಕನ್ನಡಕ ಏರಿಸಿದರೆ ಯಾರು ಯಾರೆಂದು ಹೆತ್ತವರಿಗೂ ತಿಳಿಯುವುದಿಲ್ಲ.

ಕಿತ್ತೂರಿನ ಬೀಗರ ಹೆಂಡತಿ ಹೀಗೆ ನಿಂತಿದ್ದ ಒಂದು ಕೋಟಿನ ಮುಂದೆ ಹೋಗಿ ಶುರು ಹಚ್ಚಿಕೊಂಡರು. "ಬಿಪಿ ಗುಳಿಗಿ ತಗೊಂಡ್ರೇನು? ಇಲ್ಲ. ಎರಡು ಕಾಲಚೀಲಾ ಹಾಕ್ಕೋರಿ ಅಂದೆ, ಕೇಳಿದ್ರೇನು? ಇಲ್ಲ. ಆ ರಾಮದುರ್ಗದ ಮನಷ್ಯಾನ ಜೋಡಿ ಎರಡು ಮಾತಾಡಿದ್ರ ನಿಮ್ಮ ಗಂಟೇನು ಹೋಗತೈತಿ? ಆತನೂ ಹಟಮಾರಿ, ನೀವೂ ಹಟಮಾರಿ!"

ಕೋಟು ತಲೆ ತಗ್ಗಿಸಿ ಎಲ್ಲ ಕೇಳಿತು. ಅದರೊಳಗೆ ಇದ್ದವರು ರಾಮದುರ್ಗದ ಬೀಗರೇ. ಆ ಮನೆಯವರ ಹತ್ತಿರ ಬಾಯಿ ಬಿಡುವುದಿಲ್ಲವೆಂದು ಪಟ್ಟು ಹಿಡಿದಿದ್ದರಿಂದ, ನಾನು ನಿಮ್ಮ ಗಂಡ ಅಲ್ಲ ಎನ್ನಲಿಕ್ಕೂ ಅವರಿಗೆ ದಾರಿ ಇರಲಿಲ್ಲ.

ನಾನು ಬಿಡಿಸಲಿಕ್ಕೆ ಓಡಿದೆ. ಪಕ್ಕದಲ್ಲೇ ನಿಂತಿದ್ದ ನಿಜವಾದ ಗಂಡ ನನ್ನ ತೋಳು ಹಿಡಿದು, "ಬಿಡ್ರಿ, ನಂದು ದಿನಾ ಇದ ಪಾಡು. ಇವತ್ತೊಂದಿನ ಅವ್ರು ಅನುಭವಿಸ್ಲಿ," ಎಂದರು.

ಬಚ್ಚಲದ ಮಾತು

ಹಿಮದ ಇಳಿಜಾರಿನ ಹತ್ತಿರ ಉದ್ದನೆಯ ಹಲಗೆ ಹಿಡಿದು ಒಬ್ಬ ಬಂದ. ನಮ್ಮ ತಂಡದ ಹಿರಿಯಳು ಸವದತ್ತಿಯ ಅಜ್ಜಿ. ಆತ ನೇರ ಆಕೆಗೇ, "ಸ್ಕೀಯಿಂಗ್ ಕರೋಗೆ, ಮಾತಾಜಿ?" ಎಂದ.

"ಏನಂತಾನ ಇಂವಾ?" ಅಜ್ಜಿ ನನ್ನನ್ನು ಕೇಳಿದಳು.

"ಇದನ್ನ ಕಾಲಿಗೆ ಕಟ್ಕೊಂಡು ಮ್ಯಾಲಿಂದ ಕೆಳಗ ಜಾರೂದಂತ, ಅಜ್ಜಿ."

"ಜಾರಿದ ಮ್ಯಾಲೆ?"

"ಮೊದಲ ಸಲ ಎಲ್ಲಾರೂ ಬೀಳತಾರಂತ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೀಳಾಕ ಇಷ್ಟು ದೂರ ಬರಬೇಕೇನು? ನಮ್ಮ ಬಚ್ಚಲದಾಗ ಪುಕ್ಸಟ್ಟೆ ಬೀಳತೇನಿ ಅಂತ ಹೇಳು ಅವಂಗ."

ಎರಡು ನಮೂನೆ ಕೋಡು

ಜಾರುವುದು ಬೇಡವೆಂದರೆ ದಿನವಿಡೀ ಮಾಡುವುದೇನು? ಅಕ್ಕಪಕ್ಕದವರು ಹಿಮದ ಬೊಂಬೆ ಮಾಡುತ್ತಿದ್ದರು. ನಮ್ಮವರು ಹಿಮದಲ್ಲಿ ಎತ್ತು ಮಾಡಲಿಕ್ಕೆ ಕುಳಿತರು. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ವರ್ಷ ಎತ್ತು ಮಾಡುವ ಕೈಗಳು; ಮಧ್ಯಾಹ್ನದೊಳಗೆ ಬೆನ್ನ ಮೇಲಿನ ಇಣಿ, ಬಾಲ ಸಮೇತ ಎತ್ತು ಮಲಗಿತು. ತಂಟೆ ಎದ್ದದ್ದು ಕೋಡಿಗೆ. ಬೀಗರಿಬ್ಬರೂ ಎತ್ತು ಕಟ್ಟಿ ಒಕ್ಕಲುತನ ಮಾಡಿದವರು. ನಾನು ನಡುವೆ ಸಿಕ್ಕಿಬಿದ್ದೆ.

"ಅವ್ರಿಗೆ ಹೇಳ್ರಿ, ಕೋಡು ನೆಟ್ಟಗ ಮ್ಯಾಲ ಇರಬೇಕು," ಎಂದರು ಕಿತ್ತೂರಿನವರು.

"ಅವ್ರಿಗೆ ಹೇಳ್ರಿ, ಹಿಂದ ಬಾಗಿದ್ರ ಎತ್ತು, ಇಲ್ಲಂದ್ರ ಆಡು," ಎಂದರು ರಾಮದುರ್ಗದವರು.

ಇಬ್ಬರ ನಡುವೆ ಮೊಳ ಜಾಗವಿರಲಿಲ್ಲ. ಆದರೂ ಮಾತು ನನ್ನ ಮೂಲಕವೇ ಹೋಗಬೇಕು. ನನಗೆ ತಲೆ ಕೆಟ್ಟು, ಒಬ್ಬೊಬ್ಬರು ಒಂದೊಂದು ಕೋಡು ಇಟ್ಟುಕೊಳ್ಳಿರೆಂದು ಬೈದೆ. ಹಾಗೆಯೇ ಇಟ್ಟರು.

ದಿಲ್ಲಿ ಕಡೆಯ ಸಂಸಾರವೊಂದು ಬಂದು ಇದು ಯಾವ ಪ್ರಾಣಿಯೆಂದು ಕೇಳಿತು. ಸವದತ್ತಿಯ ಅಜ್ಜಿ ಅಂದಳು: "ಪ್ರಾಣಿ ಅಲ್ಲ, ಬೀಗಸ್ತನ. ಒಂದು ಅತ್ತ ನೋಡತೈತಿ, ಒಂದು ಇತ್ತ."

ತುಪ್ಪ

ಸಂಕ್ರಾಂತಿ ಅಲ್ಲಿಯೇ ಬಂತು. ಬೆಳಿಗ್ಗೆ ಹುಡುಗಿ ಫೋನ್ ಮಾಡಿ, "ಅಪ್ಪಾ, ನಮ್ಮ ಮಾವಗ ಎಳ್ಳು ಬೆಲ್ಲಾ ಕೊಟ್ರೇನು?" ಎಂದು ಕೇಳಿದಳಂತೆ. ಕಿತ್ತೂರಿನ ಬೀಗರು ಫೋನ್ ಇಟ್ಟು ಬಹಳ ಹೊತ್ತು ಮೂಗು ಒರೆಸಿಕೊಂಡರು. ಚಳಿಯಿಂದ ಅಂದರು. ಚಳಿಯಿಂದಲ್ಲವೆಂದು ನನಗೆ ಗೊತ್ತಿತ್ತು.

ಬಿಸಿಲು ಬಿದ್ದಿತ್ತೆಂದು ಹೋಟೆಲಿನ ಅಂಗಳದಲ್ಲೇ ಪಂಕ್ತಿ ಹಾಕಿದೆವು. ಶೇಂಗಾ ಹೋಳಿಗೆ ಬಿತ್ತು. ಆಗ ಕಿತ್ತೂರಿನ ಬೀಗರು ಯಾರ ಮಾತಿಗೂ ಕಾಯದೆ ಎದ್ದು, ಅಡುಗೆಯವನ ಕೈಯಿಂದ ತುಪ್ಪದ ತಂಬಿಗೆ ಕಸಿದುಕೊಂಡು, ನೇರ ರಾಮದುರ್ಗದ ಬೀಗರ ತಾಟಿನ ಮುಂದೆ ಬಂದು ಬಗ್ಗಿದರು. ನನ್ನ ಎದೆ ತುಂಬಿ ಬಂತು.

ತಂಬಿಗೆ ಬಗ್ಗಿಸಿದರು. ತುಪ್ಪ ಬರಲಿಲ್ಲ. ಅಡುಗೆಯವನು ಕಾಸಿಯೇ ತಂದಿದ್ದ, ಅಂಗಳಕ್ಕೆ ಬರುವಷ್ಟರಲ್ಲಿ ಅದು ಕಲ್ಲಾಗಿತ್ತು. ತಂಬಿಗೆ ಬೋರಲು ಹಾಕಿದರು, ಇಲ್ಲ. ತಳ ಗುದ್ದಿದರು, ಇಲ್ಲ. ಎರಡನೆಯ ಸಲವೂ ಅದೇ ಬೀಗರ ಮುಂದೆ ಮಾನ ಹೋಗುವುದೆಂದು ಮುಖ ಕೆಂಪಾಯಿತು. ಚಮಚ ಚುಚ್ಚಿ, ಹಲ್ಲು ಕಚ್ಚಿ ಮೀಟಿದರು. ಗಡ್ಡೆ ತುಪ್ಪ ಟಣ್ಣನೆ ಹಾರಿ ರಾಮದುರ್ಗದ ಬೀಗರ ಹಣೆಗೆ ಬಡಿಯಿತು.

ಕುಬಸದ ಕತೆ ಮುಗಿಯಿತು ಎಂದುಕೊಂಡೆ. ರಾಮದುರ್ಗದವರು ಹಣೆ ಸವರಿಕೊಂಡರು. ಮಡಿಲಿಗೆ ಬಿದ್ದ ಗಡ್ಡೆ ಎತ್ತಿ ಹೋಳಿಗೆಯ ಮೇಲೆ ಇಟ್ಟರು. ಆಮೇಲೆ, ನನ್ನ ಕಡೆ ನೋಡದೆ, ನೇರ ಬೀಗರ ಮುಖ ನೋಡಿ ಬಾಯಿ ಬಿಟ್ಟರು.

"ಬೀಗರ, ತುಪ್ಪ ಬಡಸ್ಲಿಲ್ಲಂತ ಸಿಟ್ಟಿಗೆದ್ದಿದ್ದೆ, ಖರೆ. ಅದಕ್ಕ ಹಿಂಗ ಒಗಿಯೂದೇನ್ರಿ?"

"ಕೈ ಮರಗಟ್ಟ್ಯಾವ್ರಿ ಬೀಗರ, ತಪ್ಪಾತು."

"ಇರ್ಲಿ. ಕುಬಸಕ್ಕ ಬರೂವಾಗ ಕಾಸ್ಕೊಂಡು ಬರ್ರಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವರಿಬ್ಬರೂ ನಕ್ಕರು, ನಾನು ಕಣ್ಣೀರು ಬರುವಂತೆ ನಕ್ಕೆ.

ಕುಬಸಕ್ಕೆ ನನಗೂ ಕರೆ ಬಂತು. ರಾಮದುರ್ಗದಲ್ಲಿ ಆಗಲೇ ಬಿಸಿಲು ಸುಡುತ್ತಿತ್ತು. ಹುಡುಗಿ ಹಸಿರು ಸೀರೆಯುಟ್ಟು, ಹೂವು ಮುಡಿದು ಕುಳಿತಿದ್ದಳು. ಕಿತ್ತೂರಿನ ಬೀಗರು ಬುತ್ತಿಯ ಜೊತೆಗೆ ಒಂದು ತಂಬಿಗೆ ತುಪ್ಪ ತಂದು, ತಾವೇ ಒಲೆಯ ಮೇಲೆ ಕಾಸಿ, ಹೊಗೆಯಾಡುವ ಹಾಗೆ ಹಿಡಿದುಕೊಂಡು ಪಂಕ್ತಿಗೆ ಬಂದರು.

ಮೊದಲ ಎಲೆಯ ಮುಂದೆ ಕುಳಿತಿದ್ದ ರಾಮದುರ್ಗದ ಬೀಗರು ಅವರನ್ನು ಕಂಡದ್ದೇ ಜೇಬಿಗೆ ಕೈ ಹಾಕಿದರು. ಮಂಕಿ ಕ್ಯಾಪು ತೆಗೆದು, ಹಣೆ ಮುಚ್ಚುವಂತೆ ಎಳೆದು ಹಾಕಿಕೊಂಡು, "ಹಾಂ ಬೀಗರ, ಈಗ ಬಡಸ್ರಿ," ಎಂದರು.