ಹಿಂದೆ ಬರುವ ಹೆಂಗಸು

ನಡೆದು ಕೆಲಸಕ್ಕೆ ಹೋಗುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬಸ್ಸಿನಲ್ಲಿ ಹೋಗುವವನಿಗೆ ಹೆಚ್ಚೆಂದರೆ ಸೀಟು ಸಿಗುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನೂ ನನ್ನ ಹೆಂಡತಿಯೂ ಪೂರ್ವ ಆಫ್ರಿಕಾದ ಕಡಲ ದಂಡೆಯ ಸಣ್ಣ ಊರೊಂದರಲ್ಲಿ ಮಾಸ್ತರಿಕೆ ಮಾಡಿದೆವು. ಶಾಲೆ ಒಂದೇ, ನಾನು ದೊಡ್ಡವರಿಗೆ ಗಣಿತ, ಆಕೆ ಸಣ್ಣವರಿಗೆ ಅಕ್ಷರ. ದಿನಾ ದಂಡೆಯ ಗುಂಟ ನಡೆದು ಹೋಗಬೇಕು. ನಮ್ಮದು ಕೃಷ್ಣೆಯ ಮೇಲಿನ ತಂಗಡಗಿ. ಅಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ರೂಢಿ. ಕಡಲು ದಾಟಿ ಬಂದರೂ ನಮ್ಮಿಬ್ಬರ ನಡುವಿನ ಅಂತರ ಹಾಗೇ ಇತ್ತು.

ಏಡಿಗಳು

ಮೊದಲ ವಾರವೇ ಆಕೆ ಹಿಂದಿನಿಂದ ಕೂಗಿದಳು. "ರೀ, ಸ್ವಲ್ಪ ನಿಲ್ರಿ. ಇಲ್ಲಿ ಬಂದಮ್ಯಾಲಾದ್ರೂ ಜೋಡಿಲೆ ನಡಿಯೂಣ್ರಿ."

"ನೋಡಿದವರು ಏನಂತಾರ?" ಎಂದೆ.

ಆಕೆ ಸುತ್ತ ನೋಡಿದಳು. ಉಸುಕಿನ ಮೇಲೆ ಏಡಿಗಳ ಹೊರತು ಯಾರೂ ಇರಲಿಲ್ಲ. "ಇವೇನ್ ತಂಗಡಗಿಗೆ ಹೋಗಿ ಹೇಳ್ತಾವೇನ್ರಿ?"

ಏಡಿಗಳ ಮೇಲೆ ನನಗೆ ಅಷ್ಟು ಭರವಸೆ ಬರಲಿಲ್ಲ. ಮುಂದೆ ನಡೆದೆ.

ಗೇಟು ಎತ್ತಿದವನು

ಒಂದು ಬೆಳಗ್ಗೆ ದಂಡೆಯ ಕಾಲುದಾರಿ ಬಿಟ್ಟು, ನೀರಿನ ಸಮೀಪದ ಗಟ್ಟಿ ಉಸುಕಿನ ಮೇಲೆ ಹೋದೆವು. ಸಂಜೆ ಬಂದು ನೋಡಿದರೆ ಆ ದಾರಿಯೇ ಇಲ್ಲ, ಮೊಳಕಾಲುದ್ದ ನೀರು. ಮಳೆಯಿಲ್ಲ, ಮೋಡವೂ ಇಲ್ಲ. ನಮ್ಮ ಕಡೆ ಮಳೆಯಿಲ್ಲದೆ ನೀರು ಏರಿತೆಂದರೆ ಮೇಲೆ ಆಲಮಟ್ಟಿಯಲ್ಲಿ ಗೇಟು ಎತ್ತಿದ್ದಾರೆಂದೇ ಅರ್ಥ. ಅಲ್ಲಿ ದೋಣಿ ಕಟ್ಟುತ್ತಿದ್ದ ಮೀನುಗಾರ ಮುದುಕನನ್ನು, ನಾನು ಕಲಿತಷ್ಟು ಅವರ ಭಾಷೆಯಲ್ಲಿ, ತುಸು ಸಿಟ್ಟಿನಿಂದಲೇ ಕೇಳಿದೆ: "ನೀರು ಬಿಡುವ ಮೊದಲು ಡಂಗುರ ಹೊಡೆಸಬಾರದೇ? ಯಾರು ಬಿಟ್ಟವರು?"

ಮುದುಕ ಆಕಾಶಕ್ಕೆ ಬೆರಳು ತೋರಿಸಿದ. ಬಿಳಿಚಿದ ಚಂದ್ರ ಆಗಲೇ ಮೂಡಿದ್ದ. "ಅವನೇ. ದಿನಾ ಬಿಡುತ್ತಾನೆ" ಎಂದ.

ಉಬ್ಬರ ಇಳಿತದ ಬಗ್ಗೆ ನಾನು ಓದದೇ ಇರಲಿಲ್ಲ. ಆದರೆ ಪುಸ್ತಕದಲ್ಲಿ ಪ್ಯಾಂಟು ತೋಯುವುದಿಲ್ಲ. ಹಿಂದೆ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನೀರು ಏರುವುದು, ಇಳಿಯುವುದು ಆಕೆಗೆ ಮೊದಲಿಂದಲೂ ಗೊತ್ತಿತ್ತಂತೆ.

"ಮತ್ತ ಹೇಳಬಾರದಾ?"

"ನೀವು ಒಮ್ಮೆರ ಹೊಳ್ಳಿ ನೋಡಿದ್ರ ಹೇಳತಿದ್ನಿ."

ಮುದುಕನ ಎಚ್ಚರಿಕೆ

ಒಂದು ವರ್ಷ ಕಳೆದಿರಬೇಕು. ಒಂದು ದಿನ ಅದೇ ಮುದುಕ ನನ್ನನ್ನು ದೋಣಿಯ ಮರೆಗೆ ಕರೆದು ದನಿ ತಗ್ಗಿಸಿದ. "ಮಾಸ್ತರೇ, ಹೆದರಬೇಡಿ. ತಿರುಗಿ ನೋಡಬೇಡಿ. ಒಬ್ಬ ಹೆಂಗಸು ದಿನಾ ನಿಮ್ಮ ಬೆನ್ನು ಹತ್ತಿದ್ದಾಳೆ. ನೀವು ನಿಂತರೆ ನಿಲ್ಲುತ್ತಾಳೆ, ನಡೆದರೆ ನಡೆಯುತ್ತಾಳೆ. ನಮ್ಮವರು ನಾಲ್ಕು ಮಂದಿ ಹೋಗಿ ವಿಚಾರಿಸಲೇ?"

"ಆಕೆ ನನ್ನ ಹೆಂಡತಿ" ಎಂದೆ.

ಮುದುಕನ ಮುಖ ಇನ್ನಷ್ಟು ಗಂಭೀರವಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟ. "ಅಯ್ಯೋ ಮಾಸ್ತರೇ, ವರ್ಷಗಟ್ಟಲೆ ನಡೆಯುವಂಥ ಜಗಳ ಯಾವುದು?"

ಜಗಳವಿಲ್ಲವೆಂದರೆ ಆತ ನಂಬಲಿಲ್ಲ. ಮರುದಿನದಿಂದ ನನ್ನನ್ನು ದೋಣಿಯ ಬಳಿ ತಡೆದು, ಆಕೆ ಬಂದು ಕೂಡಿದ ಮೇಲೆಯೇ ಬಿಡುತ್ತಿದ್ದ. ಮೊದಮೊದಲು ಜೋಡಿಯಾಗಿ ನಡೆಯುವಾಗ ಏನು ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ. ಆಕೆಗೆ ತಿಳಿದಿತ್ತು. "ಅಕಾ ಅಲ್ಲಿ ನೋಡ್ರಿ, ನೀರ ಬಣ್ಣ ಹೆಂಗ ಬದಲಾತು. ಆ ಕೊಕ್ಕರೆ ದಿನಾ ಒಂದ ಕಾಲಿನ ಮ್ಯಾಲೇ ನಿಂದರತೈತಿ." ಒಂದು ವರ್ಷ ಇದನ್ನೆಲ್ಲ ಆಕೆ ಒಬ್ಬಳೇ ನೋಡಿಕೊಂಡು ಬಂದಿದ್ದಳು. ನಾನು ನೋಡಿದ್ದು ಶಾಲೆಯ ಬಾಗಿಲನ್ನು ಮಾತ್ರ.

ಕೆಲವೇ ತಿಂಗಳಲ್ಲಿ ನಮ್ಮ ಕೆಲಸದ ಅವಧಿ ಮುಗಿಯಿತು.

ತಾಳಿಕೋಟೆ

ಊರ ಕಡೆ ಬಂದು ತಾಳಿಕೋಟೆಯಲ್ಲಿ ಇಬ್ಬರೂ ಒಂದು ಶಾಲೆಗೆ ಸೇರಿದೆವು. ಮೊದಲ ದಿನ ಜೋಡಿಯಾಗಿಯೇ ಹೊರಬಿದ್ದೆವು; ಈ ಸಲ ಹೇಳಿದವನು ನಾನೇ. ಆಕೆ ಸೆರಗು ಸರಿಪಡಿಸಿಕೊಂಡು ಪಕ್ಕಕ್ಕೆ ಬಂದಳು.

ಕಿರಾಣಿ ಅಂಗಡಿಯ ಕಾಕಾ ತಕ್ಕಡಿ ಕೆಳಗಿಟ್ಟು ಎದ್ದು ನಿಂತರು. "ಯಾಕ್ರಿ ಸರ, ಅಕ್ಕಾರಿಗಿ ಆರಾಮಿಲ್ಲೇನ್ರಿ? ದವಾಖಾನಿಗಿ ಹೊಂಟೀರೇನು?"

"ಇಲ್ರಿ, ಶಾಲೆಗೆ."

"ಇಂಥಾದ್ರಾಗ ಸಾಲಿಗ್ಯಾಕ್ರಿ? ಮೊದಲ ತೋರಿಸ್ರಿ!"

ಟಾಂಗಾದವನು ಗಾಡಿ ತಂದು ಅಡ್ಡ ನಿಲ್ಲಿಸಿದ. "ಅಕ್ಕಾರ್ನ ಕುಂದರಸ್ರಿ ಸರ, ನಡಿಸಬ್ಯಾಡ್ರಿ." ಸುದ್ದಿ ನಮಗಿಂತ ಮುಂಚೆ ಶಾಲೆ ಮುಟ್ಟಿತ್ತು. ಆಕೆ ಕೆಲಸ ಶುರು ಮಾಡುವ ಮೊದಲೇ ಹೆಡ್ ಮಾಸ್ತರರು ಆಕೆಗೆ ಎರಡು ದಿನ ರಜೆ ಕೊಟ್ಟಿದ್ದರು.

ಆಕೆ ಬಹಳ ನಕ್ಕಳು. ರಜೆ ಮುಗಿಸಿ ಹೊರಟ ದಿನ ಮಾತ್ರ ಹೊಸ್ತಿಲಲ್ಲೇ ನಿಂತಳು. "ನೀವು ಮುಂದ ನಡೀರಿ. ಊರ ಮಂದಿಗಿ ಎಷ್ಟಂತ ಕಾಳಜಿ ಹಚ್ಚೂದು?"

ನಾನು ನಿಂತೆ. ಹಿಂದೆ ಆಕೆಯೂ ನಿಂತಳು. ನಡೆದೆ, ನಡೆದಳು. ತಾಳಿಕೋಟೆಯಲ್ಲಿ ಇವತ್ತಿನವರೆಗೂ ಯಾರೊಬ್ಬರೂ ನನ್ನನ್ನು ಮರೆಗೆ ಕರೆದು ಎಚ್ಚರಿಸಿಲ್ಲ.